ಇಬಾದಾನ್ ನಗರದ ಮಾರುಕಟ್ಟೆಗಳು

ನೈಜೀರಿಯದ ನೈರುತ್ಯ ಭಾಗದಲ್ಲಿ, ಲಾಗೋಸಿನಿಂದ ಸುಮಾರು 130 ಕಿ.ಮೀ. ಒಳನಾಡಿನಲ್ಲಿರುವ ಇಬಾದಾನ್ ಓಯೋ ರಾಜ್ಯದ ರಾಜಧಾನಿ. ಯೊರುಬಾ ಜನರ ದೊಡ್ಡ ನಗರಗಳಲ್ಲಿ ಒಂದಾದ ಇಲ್ಲಿ ದಿನಸಿ, ತರಕಾರಿ, ಮಾಂಸ, ಬಟ್ಟೆ, ನಾಟಿಮದ್ದು, ಮರಮುಟ್ಟು ಇವುಗಳ ವ್ಯಾಪಾರ ಬಹುಮಟ್ಟಿಗೆ ಇಂದಿಗೂ ಬಯಲು ಮಾರುಕಟ್ಟೆಗಳಲ್ಲೇ ನಡೆಯುತ್ತದೆ. ಹವಾನಿಯಂತ್ರಿತ ಮಳಿಗೆಗಳು ಬಂದಿವೆಯಾದರೂ ಅಡುಗೆಮನೆಯ ಸಾಮಾನಿಗೆ ಜನ ನಂಬಿರುವುದು ‘ಓಜಾ’ ಎಂದು ಯೊರುಬಾದಲ್ಲಿ ಕರೆಯುವ ಈ ಪೇಟೆಗಳನ್ನೇ. ಗದ್ದಲ, ಕೆಸರು, ನೂಕುನುಗ್ಗಲು ಎಂದಷ್ಟೇ ಇವುಗಳನ್ನು ಬಣ್ಣಿಸಿ ಮುಂದೆ ಹೋದವರು ಬಹಳ ಮಂದಿ. ಆದರೆ ದೂರದಿಂದ ಲಾರಿಗಟ್ಟಲೆ ಬಂದ ಸರಕನ್ನು ದಿನಗೂಲಿಯ ಕೈಗೂ ಎಟಕುವ ಚಿಕ್ಕ ಚಿಕ್ಕ ಪಾಲುಗಳಾಗಿ ಒಡೆದು ಹಂಚುವುದು ಇಲ್ಲಿ ನಡೆಯುವ ಮುಖ್ಯ ಕೆಲಸ. ಆ ಕೆಲಸವನ್ನು ಮಾಡುತ್ತಿರುವವರಲ್ಲಿ ಹೆಚ್ಚಿನವರು ಹೆಂಗಸರು.

ಹುಟ್ಟು ಮತ್ತು ಬೆಳವಣಿಗೆ

ಸುಮಾರು 1829ರಲ್ಲಿ, ಹಳೆಯ ಓಯೋ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲದಲ್ಲಿ, ಸೈನಿಕರ ಬೀಡಾಗಿ ಇಬಾದಾನ್ ನೆಲೆಗೊಂಡಿತು. ಬೀಡಿನ ಜೊತೆಗೇ ಪೇಟೆಯೂ ಹುಟ್ಟಿತು. ಮಾಪೊ ಗುಡ್ಡದ ಬುಡದಲ್ಲಿರುವ ಓಜಾಬಾ ಊರಿನ ಮೂಲ ಮಾರುಕಟ್ಟೆ. ‘ಇಬಾ’ ಎಂಬ ಬಿರುದಿದ್ದ ದಳಪತಿ ಓಲುಯೋಲೆಯ ನೆನಪಿಗೆ ಈ ಹೆಸರು ಬಂತೆನ್ನುತ್ತಾರೆ. ಗುಡ್ಡದ ಮೇಲೆ 1929ರಲ್ಲಿ ಕಟ್ಟಿದ ಕಂಬಸಾಲಿನ ಮಾಪೊ ಹಾಲ್ ಇದೆ. ಯೊರುಬಾ ಊರುಗಳಲ್ಲಿ ಅಧಿಕಾರಸ್ಥಾನದ ಎದುರಿಗೇ ಮಾರುಕಟ್ಟೆ ಇರುವುದು ಹಳೆಯ ಪದ್ಧತಿ. ಡಂಗುರ ಸಾರುವುದು, ಹಬ್ಬದ ಮೆರವಣಿಗೆ ಹೊರಡುವುದು, ಮದುವೆಯ ಮಾತು ಎತ್ತುವುದು ಎಲ್ಲವೂ ಅಲ್ಲೇ.

ಓಯೋ ಕುಸಿದ ಮೇಲೆ ನಡೆದ ಯುದ್ಧಗಳ ಕಾಲದಲ್ಲಿ ವ್ಯಾಪಾರದಿಂದಲೇ ಅಧಿಕಾರಕ್ಕೇರಿದ ಹೆಂಗಸೊಬ್ಬಳ ಕಥೆ ಇಬಾದಾನಿನವರಿಗೆಲ್ಲ ಗೊತ್ತು. ಎಫುನ್ಸೆತಾನ್ ಅನಿವುರಾ ದೊಡ್ಡ ಹೊಲಗಳನ್ನೂ ನೂರಾರು ಗುಲಾಮರನ್ನೂ ಹೊಂದಿದ್ದ ವರ್ತಕಿ. ದಂಡಯಾತ್ರೆಗೆ ಹೊರಟ ದಳಪತಿಗಳಿಗೆ ಮದ್ದುಗುಂಡನ್ನು ಸಾಲವಾಗಿ ಕೊಡುತ್ತಿದ್ದವಳು. ಹೆಂಗಸರ ಮುಖ್ಯಸ್ಥೆಯ ಪದವಿಯಾದ ‘ಇಯಾಲೋದೆ’ಗೆ ಏರಿದವಳು. ನಗರದ ದಂಡನಾಯಕ ಲಾತೋಸಾನೊಂದಿಗೆ ವೈರ ಬೆಳೆದು 1874ರಲ್ಲಿ ಆಕೆಯ ಕೊಲೆಯಾಯಿತು. ಅಕಿನ್ವುಮಿ ಇಶೋಲಾ ಬರೆದ ಪ್ರಸಿದ್ಧ ಯೊರುಬಾ ನಾಟಕ ಆಕೆಯನ್ನು ಕ್ರೂರಿಯೆಂದೇ ಚಿತ್ರಿಸುತ್ತದೆ. ಗುಲಾಮರ ಮೇಲೆ ಆಕೆ ನಡೆಸಿದ ದಬ್ಬಾಳಿಕೆಯನ್ನು ಮರೆಮಾಚುವಂತಿಲ್ಲ. ಆದರೆ ಸಾಲ ತೀರಿಸಲಾಗದ ಗಂಡಸರಿಗೆ ಸಾಲ ಕೊಟ್ಟವಳ ಸಾವಿನಿಂದ ಲಾಭವಿತ್ತು ಎಂಬುದನ್ನೂ ಓದುಗರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1901ರಲ್ಲಿ ಲಾಗೋಸಿನಿಂದ ರೈಲು ಬಂದ ಮೇಲೆ ಪೇಟೆಯ ದಿಕ್ಕು ಬದಲಾಯಿತು. ನಿಲ್ದಾಣದ ಸುತ್ತ ದುಗ್ಬೆ ಮತ್ತು ಗ್ಬಾಗಿ ಬಡಾವಣೆಗಳು ಎದ್ದವು. ಐರೋಪ್ಯ ಕಂಪನಿಗಳು ಕೋಕೋ ಖರೀದಿಯ ಗೋದಾಮು ತೆರೆದವು. ಲೆಬನಾನಿನ ವರ್ತಕರು ಬಟ್ಟೆಯಂಗಡಿ ಇಟ್ಟರು. ಹಳೆಯ ಗ್ಬಾಗಿಯಲ್ಲಿ ‘ಲೆಬನಾನ್ ರಸ್ತೆ’ ಎಂಬ ಹೆಸರು ಈಗಲೂ ಉಳಿದಿದೆ. ಕೋಕೋ ಹಣದಿಂದ 1965ರಲ್ಲಿ ಪೂರ್ಣಗೊಂಡ ಬಹುಮಹಡಿಯ ಕೋಕೋ ಹೌಸ್ ಇಂದಿಗೂ ದುಗ್ಬೆಯ ಗುರುತು.

1916ರಲ್ಲಿ ಉತ್ತರದ ಹೌಸಾ ವರ್ತಕರಿಗಾಗಿ ಸಾಬೊ ಎಂಬ ಪ್ರತ್ಯೇಕ ಬಡಾವಣೆ ಏರ್ಪಟ್ಟಿತು. ಉತ್ತರದಿಂದ ದನಗಳು ಬರುತ್ತಿದ್ದವು. ದಕ್ಷಿಣದ ಕಾಡಿನ ಕೋಲಾ ಕಾಯಿ ಉತ್ತರಕ್ಕೆ ಹೋಗುತ್ತಿತ್ತು. ಮಾನವಶಾಸ್ತ್ರಜ್ಞ ಅಬ್ನರ್ ಕೋಹೆನ್ 1969ರ ತನ್ನ ಗ್ರಂಥದಲ್ಲಿ ಈ ವ್ಯಾಪಾರದ ಒಳಗುಟ್ಟನ್ನು ವಿವರಿಸಿದ್ದಾನೆ. ದೂರದಿಂದ ದನ ಹೊಡೆದುಕೊಂಡು ಬಂದ ವ್ಯಾಪಾರಿ ಸಾಬೊದ ‘ಮೈಗಿಡಾ’ ಎಂಬ ಮನೆಯಜಮಾನನಲ್ಲಿ ಇಳಿದುಕೊಳ್ಳುತ್ತಾನೆ. ಕಟುಕರು ದನವನ್ನು ಉದ್ದರಿಯಲ್ಲಿ ಒಯ್ಯುತ್ತಾರೆ. ಹಣ ಬಾರದೇ ಹೋದರೆ ಮೈಗಿಡಾ ತನ್ನ ಕೈಯಿಂದ ಕಟ್ಟಿಕೊಡಬೇಕು. ಕಾಗದಪತ್ರವಿಲ್ಲದೆ, ಮಾತಿನ ಮೇಲೆ, ನೂರಾರು ಮೈಲಿಗಳ ವ್ಯಾಪಾರ ಹೀಗೆ ನಡೆಯುತ್ತಿತ್ತು.

ಸಂತೆಯ ದಿನಗಳು, ಬಟ್ಟೆಯ ಪೇಟೆಗಳು

ಯೊರುಬಾ ಸಂಪ್ರದಾಯದ ವಾರಕ್ಕೆ ನಾಲ್ಕು ದಿನ. ಹಳ್ಳಿಯ ಸಂತೆಗಳು ನಾಲ್ಕು ಅಥವಾ ಎಂಟು ದಿನಕ್ಕೊಮ್ಮೆ ಸರದಿಯಂತೆ ಕೂಡುತ್ತವೆ. ಇಂದು ಈ ಹಳ್ಳಿ, ನಾಳೆ ಪಕ್ಕದ್ದು ಎಂದು ಸುತ್ತಿ ಬರುವ ವ್ಯಾಪಾರಿ ಗೆಣಸು, ತಾಳೆಎಣ್ಣೆ, ಮರಗೆಣಸಿನ ರವೆಯಾದ ‘ಗಾರಿ’ ಇವುಗಳನ್ನು ಕೊಂಡು ನಗರಕ್ಕೆ ತರುತ್ತಾಳೆ. ಸಂತೆಯ ದಿನ ಎಣಿಸುವಾಗ ಆರಂಭದ ದಿನವನ್ನೂ ಕೊನೆಯ ದಿನವನ್ನೂ ಸೇರಿಸುವುದರಿಂದ ಎಂಟು ದಿನದ ಸಂತೆಯನ್ನು ಒಂಬತ್ತರದ್ದು ಎನ್ನುತ್ತಾರೆ. ಹೊರಗಿನವರು ತಪ್ಪು ದಿನಕ್ಕೆ ಹೋಗಿ ಖಾಲಿ ಬಯಲು ನೋಡಿ ಬರಲು ಇದೇ ಕಾರಣ. ನಗರದ ದಿನನಿತ್ಯದ ಮಾರುಕಟ್ಟೆಗಳಿಗೆ ಈ ಲೆಕ್ಕ ಅನ್ವಯಿಸದಿದ್ದರೂ ಓಜೆ ಮಾರುಕಟ್ಟೆಯ ಬಟ್ಟೆ ಸಂತೆ ಮಾತ್ರ ಹಳೆಯ ಸರದಿಯನ್ನು ಬಿಟ್ಟಿಲ್ಲ. ಅದು ಹದಿನಾರು ದಿನಕ್ಕೊಮ್ಮೆ ಕೂಡುತ್ತದೆ.

ಓಜೆಯಲ್ಲಿ ಮಾರುವುದು ‘ಅಶೊ ಓಕೆ’: ಕಿರುಮಗ್ಗದಲ್ಲಿ ಅಂಗೈಯಗಲ ಪಟ್ಟಿಗಳಾಗಿ ನೇದು, ಅಕ್ಕಪಕ್ಕ ಹೊಲಿದು ಅಗಲ ಮಾಡುವ ದಪ್ಪ ಬಟ್ಟೆ. ಮದುವೆ, ನಾಮಕರಣ, ಹಿರಿಯರ ಉತ್ತರಕ್ರಿಯೆ ಯಾವುದಕ್ಕೂ ನೆಂಟರಿಷ್ಟರೆಲ್ಲ ಒಂದೇ ಬಗೆಯ ಬಟ್ಟೆ ಉಡುವ ‘ಅಶೊ ಎಬಿ’ ಪದ್ಧತಿ ಇರುವುದರಿಂದ ಇಲ್ಲಿನ ಗಿರಾಕಿ ಒಂದು ಉಡುಪಿನಷ್ಟಕ್ಕೆ ಬರುವವನಲ್ಲ, ಇಡೀ ಬಳಗಕ್ಕೆ ಬೇಕಾದಷ್ಟನ್ನು ಒಟ್ಟಿಗೆ ಕೊಳ್ಳುತ್ತಾನೆ. ಒಂದೇ ಬಣ್ಣದ ಪಟ್ಟಿಗಳು ಸಾಕಷ್ಟು ಸಿಗುತ್ತವೆಯೇ ಎಂಬುದೇ ಆತನ ಚಿಂತೆ.

ಗಂಜಿ ಬಳಿದು ನೀಲಿಯಲ್ಲಿ ಅದ್ದುವ ಅದಿರೆ ಬಟ್ಟೆಗೂ ಇಬಾದಾನ್ ಹೆಸರಾದದ್ದು. ಅದರ ಒಂದು ಹೆಸರಾಂತ ವಿನ್ಯಾಸ ‘ಇಬಾದಾನ್‌ದುನ್’, ಅಂದರೆ ‘ಇಬಾದಾನ್ ಸವಿ’. ಮಾಪೊ ಹಾಲಿನ ಕಂಬಗಳನ್ನು ಸಾಲಾಗಿ ಬಿಡಿಸಿ, ಎರಡು ಕಂಬಗಳ ನಡುವೆ ಒಂದೊಂದು ಚಮಚವನ್ನು ಇಟ್ಟಿದ್ದಾರೆ. ಸರ್ಕಾರಿ ಕಟ್ಟಡವನ್ನೂ ಊಟದ ಚಮಚವನ್ನೂ ಒಂದೇ ಸಾಲಿಗೆ ತಂದ ಆ ಹೆಂಗಸರ ಕೈಚಳಕ ಯಾವ ದೊಡ್ಡ ಕಲಾವಿದರಿಗೂ ಕಡಿಮೆಯಿಲ್ಲ. ಮಿಲ್ಲಿನ ಬಟ್ಟೆ, ಲೇಸು, ‘ಅಂಕಾರಾ’ ಎಂಬ ಛಾಪಿನ ಬಟ್ಟೆ ಬೇಕಾದವರು ಇಫೆ ರಸ್ತೆಯ ಹೊಸ ಗ್ಬಾಗಿಗೆ ಹೋಗುತ್ತಾರೆ. ಓಯೋ ರಾಜ್ಯದ ಹಿಂದಿನ ಗವರ್ನರ್ ಬೋಲಾ ಇಗೆಯ ಹೆಸರನ್ನು ಇದಕ್ಕೆ ಇಟ್ಟಿದ್ದರೂ ಜನರ ಬಾಯಲ್ಲಿ ಗ್ಬಾಗಿಯೇ. ಅಲೆಶಿನ್ಲೊಯೆ ಮಾರುಕಟ್ಟೆಯಲ್ಲಿ ಸಿದ್ಧ ಉಡುಪು, ಚಪ್ಪಲಿ. ಅಗ್ಬೆನಿ ಮತ್ತು ಓಗುನ್ಪಾಗಳಲ್ಲಿ ಡಬ್ಬ, ಪೊಟ್ಟಣದ ಸಾಮಾನುಗಳ ಸಗಟು. ಮೊಲೆತೆಯ ಬೊದೆ ಮಾರುಕಟ್ಟೆಯಲ್ಲಿ ಬೇರು, ತೊಗಟೆ, ಒಣಗಿಸಿದ ಪ್ರಾಣಿಗಳ ನಾಟಿಮದ್ದು. ಓಗುನ್ಪಾ ಹಳ್ಳ ಪೇಟೆಯ ಮಧ್ಯದಲ್ಲೇ ಹರಿಯುತ್ತದೆ. 1980ರ ಆಗಸ್ಟ್ 31ರ ಮಹಾಮಳೆಗೆ ಅದು ಉಕ್ಕಿ ನೂರಕ್ಕೂ ಹೆಚ್ಚು ಜನ ಸತ್ತರು. ಕಸದಿಂದ ಕಟ್ಟಿಕೊಂಡ ಚರಂಡಿಗಳ ಭಯ ವ್ಯಾಪಾರಿಗಳಿಗೆ ಈಗಲೂ ಪ್ರತಿ ಮಳೆಗಾಲದಲ್ಲಿ ಇದ್ದೇ ಇದೆ.

ಬೊದಿಜಾ ಮತ್ತು ಶಾಶಾ

ಅಡುಗೆಯ ಸಾಮಾನಿಗೆ ನಗರದ ಹೆಬ್ಬಾಗಿಲು ಬೊದಿಜಾ ಮಾರುಕಟ್ಟೆ. 1948ರಲ್ಲಿ ಆರಂಭವಾದ ಇಬಾದಾನ್ ವಿಶ್ವವಿದ್ಯಾಲಯಕ್ಕೆ ಹತ್ತಿರವಿರುವುದರಿಂದ ವಿದ್ಯಾರ್ಥಿಗಳೂ ಅಧ್ಯಾಪಕರೂ ಇಲ್ಲಿಯ ಖಾಯಂ ಗಿರಾಕಿಗಳು. ಒಂದು ಮೂಲೆಯಲ್ಲಿ ಮರದ ಹಲಗೆಗಳ ಮಂಡಿ. ಇನ್ನೊಂದೆಡೆ ಯಾಮ್ ಗೆಣಸುಗಳನ್ನು ತೊಡೆಗಾತ್ರದವು, ಮೊಳಕೈಗಾತ್ರದವು ಎಂದು ವಿಂಗಡಿಸಿ ಜೋಡಿಸಿದ ರಾಶಿ. ಮುಂದೆ ಅಲಸಂದೆ, ಅಕ್ಕಿ, ಮರಗೆಣಸಿನ ಗಾರಿ. ಅಲಸಂದೆಯಲ್ಲೇ ಹಲವು ಜಾತಿ. ಕಂದು ಬಣ್ಣದ, ಬೆಂದರೆ ಸಿಹಿಯಾಗುವ ‘ಓಲೋಯಿನ್’ಗೆ ಬೆಲೆ ಹೆಚ್ಚು. ಒಣ ಯಾಮಿನ ಹಿಟ್ಟಾದ ‘ಎಲುಬೊ’ ಇಬಾದಾನಿನ ಜೀವಾಳ. ಅದನ್ನು ಕುದಿನೀರಿಗೆ ಹಾಕಿ ತೊಳಸಿದರೆ ಕಂದು ಬಣ್ಣದ ಮೆತ್ತನೆಯ ‘ಅಮಲಾ’ ಮುದ್ದೆ. ಎವೆದು ಸೊಪ್ಪಿನ ಲೋಳೆ ಸಾರು, ಅಲಸಂದೆಯ ಗ್ಬೆಗಿರಿ, ಮೆಣಸಿನ ಗೊಜ್ಜು ಮೂರನ್ನೂ ಅದರ ಮೇಲೆ ಸುರಿದುಕೊಂಡು ಉಣ್ಣುವುದು ಇಲ್ಲಿಯವರ ಪ್ರೀತಿಯ ಊಟ. ಎಲುಬೊ ಕೊಳ್ಳುವ ಹೆಂಗಸು ಚಿಟಿಕೆ ಹಿಟ್ಟನ್ನು ಬೆರಳ ನಡುವೆ ಉಜ್ಜುತ್ತಾಳೆ, ಮೂಸುತ್ತಾಳೆ. ಮುಗ್ಗಲು ವಾಸನೆ ಬಂದರೆ ಮಾತಿಲ್ಲದೆ ಮುಂದಿನ ಅಂಗಡಿಗೆ ನಡೆಯುತ್ತಾಳೆ.

ಟೊಮೇಟೊ, ಮೆಣಸಿನಕಾಯಿ, ಈರುಳ್ಳಿ ಇಳಿಯುವುದು ಶಾಶಾ ಮಾರುಕಟ್ಟೆಯಲ್ಲಿ. ಟೊಮೇಟೊ ಬರುವುದು ಬಹುತೇಕ ಕಾನೊ, ಕಡೂನಾ ಮೊದಲಾದ ಉತ್ತರದ ರಾಜ್ಯಗಳಿಂದ. ಹೆಣೆದ ಎತ್ತರದ ಬುಟ್ಟಿಗಳಲ್ಲಿ, ಬಿಸಿಲಲ್ಲಿ, ಹಾಳು ರಸ್ತೆಯ ಮೇಲೆ ದಿನಗಟ್ಟಲೆ ಪಯಣ. ಬುಟ್ಟಿ ಬಿಚ್ಚಿದಾಗ ಮೇಲಿನ ಪದರ ಗಟ್ಟಿ ಕೆಂಪು, ನಡುವಿನದು ಮೆತ್ತಗೆ, ತಳದ್ದು ತನ್ನದೇ ರಸದಲ್ಲಿ ನೆನೆದು ಒಡೆದಿರುತ್ತದೆ. ಯಾವುದನ್ನೂ ಎಸೆಯುವುದಿಲ್ಲ. ಗಟ್ಟಿಯವು ಗುಡ್ಡೆಯಾಗಿ ಹರಿವಾಣದ ಮೇಲೆ ಕೂರುತ್ತವೆ. ಒಡೆದವು ‘ಎಶಾ’ ಎಂಬ ಹೆಸರಲ್ಲಿ ಅರ್ಧಕ್ಕಿಂತ ಕಡಿಮೆಗೆ ಹೋಟೆಲಿನವರಿಗೂ ಕೈಯಲ್ಲಿ ಹಣ ಕಡಿಮೆಯಿರುವ ಮನೆಗಳಿಗೂ ಹೋಗುತ್ತವೆ. 2016ರಲ್ಲಿ ಎಲೆ ಕೊರೆಯುವ ಹುಳು ಕಡೂನಾದ ಹೊಲಗಳನ್ನು ಹಾಳುಮಾಡಿದಾಗ ಈ ಎಶಾಕ್ಕೂ ಜನ ಮುಗಿಬಿದ್ದರು.

2021ರ ಫೆಬ್ರವರಿಯಲ್ಲಿ ಶಾಶಾ ಮಾರುಕಟ್ಟೆಯೊಳಗಿನ ಜಗಳವೊಂದು ಯೊರುಬಾ-ಹೌಸಾ ಗಲಭೆಯಾಗಿ ಹಬ್ಬಿತು. ಪ್ರಾಣಹಾನಿಯಾಯಿತು, ಅಂಗಡಿಗಳು ಸುಟ್ಟವು, ಸರ್ಕಾರ ಮಾರುಕಟ್ಟೆಯನ್ನು ಮುಚ್ಚಿಸಿತು. ತಿಂಗಳ ಕೊನೆಗೆ ಉತ್ತರದ ಆಹಾರ ಮತ್ತು ದನ ವ್ಯಾಪಾರಿಗಳ ಒಕ್ಕೂಟ ದಕ್ಷಿಣಕ್ಕೆ ಸರಕು ಕಳಿಸುವುದನ್ನೇ ನಿಲ್ಲಿಸಿತು. ನೈಜರ್ ನದಿ ದಾಟುವ ಜೆಬ್ಬಾದಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ದಕ್ಷಿಣದಲ್ಲಿ ಈರುಳ್ಳಿ, ಮಾಂಸ ಗಗನಕ್ಕೇರಿದರೆ ಉತ್ತರದಲ್ಲಿ ಟೊಮೇಟೊ ಕೊಳ್ಳುವವರಿಲ್ಲದೆ ಕೊಳೆಯಿತು. ನೈಜೀರಿಯದ ಐಕ್ಯದ ಬಗ್ಗೆ ರಾಜಕಾರಣಿಗಳು ಮಾಡುವ ಯಾವ ಭಾಷಣಕ್ಕಿಂತ ಆ ಕೆಲವು ದಿನಗಳು ಹೆಚ್ಚು ಕಲಿಸಿದವು.

ಮೆಣಸು ಕೊಂಡ ಮೇಲೆ ಗಿರಣಿಗೆ ಹೋಗುವುದು ವಾಡಿಕೆ. ಟೊಮೇಟೊ, ಕೆಂಪಾದ ದೊಡ್ಡ ‘ತಾತಾಶೆ’, ಉದ್ದನೆಯ ‘ಶೊಂಬೊ’, ಬಾಯಿ ಸುಡುವ ಗುಂಡು ‘ರೋಡೊ’, ಈರುಳ್ಳಿ ಎಲ್ಲವನ್ನೂ ಬಕೆಟ್ಟಿನಲ್ಲಿ ತೊಳೆದು ಸರದಿಯಲ್ಲಿ ನಿಲ್ಲಬೇಕು. ಎಂಜಿನ್ನಿನ ಪಟ್ಟಿ ತಿರುಗುತ್ತದೆ, ಕೆಂಪು ಗೊಜ್ಜು ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಬಲ್ಲ ಗಿರಾಕಿ ತನ್ನ ಸರದಿ ಬರುವ ಮುಂಚೆ ಯಂತ್ರಕ್ಕೆ ಒಂದು ಚೊಂಬು ನೀರು ಸುರಿಸಿ, ಹಿಂದಿನವರ ಖಾರವನ್ನು ತೊಳೆಸುತ್ತಾಳೆ. ಸರದಿಯಲ್ಲಿ ನಿಂತಾಗಲೇ ಇಂದು ಯಾರಲ್ಲಿ ಏನು ಬೆಲೆ ಎಂಬ ಸುದ್ದಿ ಕೈಯಿಂದ ಕೈಗೆ ದಾಟುತ್ತದೆ.

ಅಳತೆ, ಚೌಕಾಸಿ, ಕೊಸರು

ಧಾನ್ಯಕ್ಕೆ ತಕ್ಕಡಿಯಿಲ್ಲ. ‘ಕೊಂಗೊ’ ಎಂಬ ಬಟ್ಟಲೇ ಅಳತೆ. ಒಂದು ಕೊಂಗೊ ಅಕ್ಕಿ ಹೆಚ್ಚುಕಡಿಮೆ ಒಂದೂವರೆ ಕಿಲೋ ತೂಗುತ್ತದೆ. ಅದಕ್ಕಿಂತ ಚಿಕ್ಕದು ‘ಡೆರಿಕಾ’: ಒಂದು ಕಾಲದಲ್ಲಿ ಜನಪ್ರಿಯವಾಗಿದ್ದ ಟೊಮೇಟೊ ಗೊಜ್ಜಿನ ಖಾಲಿ ಡಬ್ಬ. ಇನ್ನೂ ಚಿಕ್ಕದು ಹಾಲಿನ ಡಬ್ಬ. ದೊಡ್ಡ ಖರೀದಿಗೆ ಬಣ್ಣದ ಬಕೆಟ್ಟು, ಅದಕ್ಕೂ ಮೇಲೆ ಚೀಲ. ತಾಳೆಎಣ್ಣೆಗೆ ಬಾಟಲಿ ಅಥವಾ 25 ಲೀಟರಿನ ಕ್ಯಾನು. 1974ರ ತೂಕ ಮತ್ತು ಅಳತೆ ಕಾನೂನು ಇದೆ, ತಕ್ಕಡಿ ತರಬೇಕೆಂಬ ಮಾತು ಆಗಾಗ ಏಳುತ್ತದೆ. ಪೇಟೆ ಮಾತ್ರ ಡಬ್ಬವನ್ನು ಬಿಟ್ಟಿಲ್ಲ.

ಅಳೆಯುವುದು ನೋಡಬೇಕಾದ ಕೆಲಸ. ವ್ಯಾಪಾರಿ ಎಡಗೈಯನ್ನು ಕೊಂಗೊದ ಕಂಠಕ್ಕೆ ಬಳಸಿ ಕೋಟೆಯಂತೆ ಹಿಡಿದು, ಬಲಗೈಯಿಂದ ಅಲಸಂದೆ ಸುರಿಯುತ್ತಾಳೆ. ಕಂಠದ ಮೇಲೆ ಗೋಪುರ ಏಳುತ್ತದೆ, ಕಾಳು ಜಾರತೊಡಗುತ್ತದೆ. ಇನ್ನೊಂದಿಷ್ಟು ಹಾಕು ಎಂದು ಕೊಳ್ಳುವವಳು, ನೋಡು ಜಾರುತ್ತಿದೆ ಎಂದು ಮಾರುವವಳು. ಗೋಪುರ ಎಷ್ಟು ಎತ್ತರ ಎಂಬುದು ಬೆಲೆಯಷ್ಟೇ ಮುಖ್ಯ. ಮೋಸವೂ ಇದೆ: ಕೆಲವರು ಕೊಂಗೊದ ತಳವನ್ನು ಒಳಕ್ಕೆ ಬಡಿದು ಉಬ್ಬಿಸಿರುತ್ತಾರೆ. ಅದಕ್ಕೇ ಅನುಭವಸ್ಥರು ಕಾಳು ಹಾಕುವ ಮುಂಚೆ ಬಟ್ಟಲೊಳಗೆ ಬೆರಳಾಡಿಸಿ ತಳ ಮುಟ್ಟಿ ನೋಡುತ್ತಾರೆ. ಚೀಲಕ್ಕೆ ಸುರಿದ ಮೇಲೆ ಒಂದು ಹಿಡಿ ಕೊಸರು ಬೀಳಲೇಬೇಕು. ಯೊರುಬಾದಲ್ಲಿ ಅದು ‘ಎಎನಿ’, ನೈಜೀರಿಯದ ಉಳಿದೆಡೆ ‘ಜಾರಾ’. ಕೊಸರು ಕೊಡದವಳ ಹತ್ತಿರ ಮತ್ತೆ ಹೋಗುವವರು ಕಡಿಮೆ.

ಪೇಟೆಯಲ್ಲಿ ಕೂತವರಿಗೆ ಮೊದಲು ‘ಎ ಕು ಓಜಾ’ ಎಂದು ವಂದಿಸಬೇಕು. ‘ಅಜೆ ಆ ವೊ ಇಗ್ಬಾ’, ಸಿರಿ ಸೋರೆಬುರುಡೆಗೆ ಬರಲಿ, ಎಂದು ಹಾರೈಸಬೇಕು. ವಂದಿಸದೆ ಬೆಲೆ ಕೇಳಿದವನಿಗೆ ಬೆಲೆಯೂ ಒರಟಾಗಿಯೇ ಬರುತ್ತದೆ. ವ್ಯಾಪಾರಿಯನ್ನು ಅವಳ ಮಗುವಿನ ಹೆಸರು ಸೇರಿಸಿ ಇಂಥವರ ‘ಇಯಾ’, ಅಂದರೆ ತಾಯಿ, ಎಂದು ಕರೆಯುತ್ತಾರೆ. ‘ಕಸ್ಟಮರ್’ ಎಂಬ ಮಾತನ್ನು ಮಾರುವವರೂ ಕೊಳ್ಳುವವರೂ ಪರಸ್ಪರ ಬಳಸುತ್ತಾರೆ. ವರ್ಷಗಟ್ಟಲೆಯ ಒಡನಾಟವಿದ್ದವರಿಗೆ ಅದು ಸಲ್ಲುತ್ತದೆ. ಖಾಯಂ ಕಸ್ಟಮರಿಗೆ ಚೌಕಾಸಿ ಕಡಿಮೆ, ಉದ್ದರಿ ಹೆಚ್ಚು. ಬೆಳಗಿನ ಬೋಣಿ ಗಿರಾಕಿ ಬರಿಗೈಲಿ ಹೋಗುವುದನ್ನು ಯಾರೂ ಇಷ್ಟಪಡುವುದಿಲ್ಲವಾದ್ದರಿಂದ ಮುಂಜಾನೆ ಬೆಲೆ ಇಳಿಯುವುದುಂಟು. ಸಂಜೆ ಸೊಪ್ಪು, ಟೊಮೇಟೊ ಉಳಿದರೆ ಆಗಲೂ ಇಳಿಯುತ್ತದೆ. ಕೊಂಡದ್ದನ್ನು ಹೊರಲು ತಲೆಹೊರೆಯ ಕೂಲಿಗಳಿದ್ದಾರೆ. ಮನೆಗೆ ಒಯ್ಯಲು ಹಳೆಯ ನಿಸಾನ್ ಮೈಕ್ರಾ ಟ್ಯಾಕ್ಸಿ ಇಲ್ಲವೆ ‘ಕೆಕೆ’, ಅಂದರೆ ಭಾರತದಿಂದ ಹೋದ ಬಜಾಜ್ ಆಟೋರಿಕ್ಷಾ.

ಇಷ್ಟೊಂದು ಕೈ ದಾಟುವುದರಿಂದಲೇ ಬೆಲೆ ಏರುತ್ತದೆ ಎಂದು ವಸಾಹತು ಅಧಿಕಾರಿಗಳು ದೂರುತ್ತಿದ್ದರು. ಅರ್ಥಶಾಸ್ತ್ರಜ್ಞ ಪಿ. ಟಿ. ಬಾವರ್ 1954ರಲ್ಲಿ ಪಶ್ಚಿಮ ಆಫ್ರಿಕದ ವ್ಯಾಪಾರದ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ಅಲ್ಲಗಳೆದ. ಬಂಡವಾಳ ವಿರಳವಾಗಿ ದುಡಿಯುವ ಕೈಗಳು ಹೇರಳವಾಗಿರುವ ನಾಡಿನಲ್ಲಿ, ಪೆಟ್ಟಿಗೆಯನ್ನು ಒಡೆದು ಬಿಡಿಬಿಡಿಯಾಗಿ ಮಾರುವ ಸಣ್ಣ ವ್ಯಾಪಾರಿ ಅಗತ್ಯದ ಸೇವೆಯನ್ನೇ ಮಾಡುತ್ತಿದ್ದಾಳೆ ಎಂಬುದು ಅವನ ವಾದ. ಬಾವರನ ಉಳಿದ ಅಭಿಪ್ರಾಯಗಳನ್ನು ಒಪ್ಪದವರೂ ಬೊದಿಜಾದಲ್ಲಿ ಒಂದು ಬೆಳಗು ಕಳೆದರೆ ಈ ಮಾತನ್ನು ತಳ್ಳಿಹಾಕಲಾರರು.

ಆಡಳಿತ ಮತ್ತು ಹಣ

1999ರ ಸಂವಿಧಾನದಂತೆ ಮಾರುಕಟ್ಟೆಗಳು ಸ್ಥಳೀಯ ಸರ್ಕಾರಗಳ ಹೊಣೆ. ಸುಂಕ ವಸೂಲಿ ಅವರದು. ಕಟ್ಟೆ, ನೀರು, ಶೌಚಾಲಯಗಳು ಮಾತ್ರ ಆ ಸುಂಕಕ್ಕೆ ತಕ್ಕಂತೆ ಬಂದಿಲ್ಲ. ನಿಜವಾದ ಆಡಳಿತ ಇಯಾಲೋಜಾ, ಅಂದರೆ ಮಾರುಕಟ್ಟೆಯ ತಾಯಿ, ಮತ್ತು ಗಂಡಸರ ಕಡೆಯ ಬಾಬಾಲೋಜಾ ಇವರ ಕೈಯಲ್ಲಿದೆ. ಅವರ ಕೆಳಗೆ ಮೆಣಸು, ಎಲುಬೊ, ಯಾಮ್, ಮಾಂಸ ಎಂದು ಒಂದೊಂದು ಸರಕಿಗೂ ಒಂದು ಸಂಘ, ಅದಕ್ಕೊಬ್ಬ ಮುಖ್ಯಸ್ಥೆ. ಕೂರುವ ಜಾಗದ ತಕರಾರು, ಕೆಟ್ಟ ಸಾಲ, ಬೈಗುಳದ ಜಗಳ ಎಲ್ಲ ಅವರೆದುರು ತೀರ್ಮಾನವಾಗುತ್ತವೆ. ಹೆರಿಗೆಯಾದವಳಿಗೆ, ಗಂಡ ಸತ್ತವಳಿಗೆ ಸಂಘದ ನಿಧಿಯಿಂದ ನೆರವು ಸಿಗುತ್ತದೆ. ಸಂಘಕ್ಕೆ ಸೇರದವರು ಸರಕು ಇಳಿಸದಂತೆ ತಡೆಯುವುದು, ಬೆಲೆ ಕುಸಿಯದಂತೆ ಲಾರಿಗಳನ್ನು ಹಿಡಿದಿಡುವುದು ಈ ಸಂಘಗಳ ಇನ್ನೊಂದು ಮುಖ. ಹೊಸದಾಗಿ ವ್ಯಾಪಾರಕ್ಕಿಳಿಯುವ ಬಡವಳಿಗೆ ಇದರಿಂದ ಪೆಟ್ಟು ಬೀಳುತ್ತದೆ.

ಬ್ಯಾಂಕಿನ ಬಾಗಿಲು ತಟ್ಟಲಾಗದವರಿಗೆ ಎರಡು ದಾರಿ. ‘ಎಸುಸು’ವಿನಲ್ಲಿ ಗೆಳತಿಯರು ಸೇರಿ ಚೀಟಿ ಹಾಕಿ ಸರದಿಯಂತೆ ಮೊತ್ತ ಎತ್ತುತ್ತಾರೆ, ವಿಲಿಯಂ ಬ್ಯಾಸ್ಕಂ 1952ರಲ್ಲೇ ಇದರ ಬಗ್ಗೆ ಬರೆದಿದ್ದಾನೆ. ‘ಅಜೊ’ದಲ್ಲಿ ‘ಅಲಾಜೊ’ ಎಂಬಾತ ಪಿಗ್ಮಿ ಸಂಗ್ರಹದವರಂತೆ ದಿನವೂ ಅಂಗಡಿಯಿಂದ ಅಂಗಡಿಗೆ ಬಂದು ಒಂದೇ ಮೊತ್ತವನ್ನು ಪಡೆದು ಕಾರ್ಡಿನಲ್ಲಿ ಗುರುತು ಹಾಕುತ್ತಾನೆ. ತಿಂಗಳ ಕೊನೆಗೆ ಒಂದು ದಿನದ ಕಂತನ್ನು ತನ್ನ ಕೂಲಿಯಾಗಿ ಹಿಡಿದು ಉಳಿದದ್ದನ್ನು ಮರಳಿಸುತ್ತಾನೆ. ಬಡ್ಡಿಯಿಲ್ಲ, ಆದರೂ ಮುಂದಿನ ಚೀಲ ಅಕ್ಕಿ ಕೊಳ್ಳಲು ಇಡುಗಂಟು ಸಿಗುತ್ತದೆ.

2022ರ ಅಕ್ಟೋಬರಿನಲ್ಲಿ ಕೇಂದ್ರ ಬ್ಯಾಂಕು 200, 500, 1000 ನಾಯಿರಾದ ನೋಟುಗಳನ್ನು ಬದಲಿಸುವುದಾಗಿ ಘೋಷಿಸಿತು. ಹಳೆಯವು ಒಳಹೋದವು, ಹೊಸವು ಬರಲಿಲ್ಲ. 2023ರ ಆರಂಭದ ವಾರಗಳಲ್ಲಿ ಟೊಮೇಟೊ ಇದ್ದೂ ಕೊಳ್ಳುವವರ ಕೈಯಲ್ಲಿ ನೋಟಿರಲಿಲ್ಲ. ನೋಟು ಬೇಕಾದವರು ಹಣ ಕೊಟ್ಟೇ ಹಣ ಪಡೆಯಬೇಕಾಯಿತು. ಮಾರ್ಚ್ 3ರಂದು ಸುಪ್ರೀಂ ಕೋರ್ಟು ಹಳೆಯ ನೋಟುಗಳನ್ನು ವರ್ಷದ ಕೊನೆಯವರೆಗೆ ಚಲಾವಣೆಯಲ್ಲಿಡಲು ಆದೇಶಿಸಿತು. ಅಷ್ಟರೊಳಗೆ ಸೊಪ್ಪಿನವಳೂ ಫೋನಿನಲ್ಲಿ ಹಣ ಪಡೆಯುವುದನ್ನು ಕಲಿತಿದ್ದಳು. ಒಪೇ, ಮನಿಪಾಯಿಂಟ್ ಎಂಬ ಹಣಪಾವತಿ ಕಂಪನಿಗಳ ಯಂತ್ರ ಹಿಡಿದವರು ಮಾರುಕಟ್ಟೆಯ ಮೂಲೆಮೂಲೆಯಲ್ಲಿ ಕಾಣತೊಡಗಿದರು. ಖೋಟಾ ಸಂದೇಶ ತೋರಿಸಿ ಸರಕು ಹೊತ್ತೊಯ್ಯುವವರೂ ಹುಟ್ಟಿಕೊಂಡದ್ದರಿಂದ, ಹಣ ಜಮೆಯಾದ ಸದ್ದು ತನ್ನ ಫೋನಿನಲ್ಲೇ ಕೇಳುವ ತನಕ ವ್ಯಾಪಾರಿ ಚೀಲವನ್ನು ಬಿಡುವುದಿಲ್ಲ.

ಅದೇ ವರ್ಷ ಮೇ ಕೊನೆಯಲ್ಲಿ ಪೆಟ್ರೋಲ್ ಸಹಾಯಧನ ನಿಂತಿತು, ಜೂನ್‌ನಲ್ಲಿ ನಾಯಿರಾದ ವಿನಿಮಯ ದರವನ್ನು ಸಡಿಲಿಸಲಾಯಿತು. ಲಾರಿ ಬಾಡಿಗೆ ಏರಿ, ಅದರ ಹಿಂದೆ ಎಲ್ಲವೂ ಏರಿತು. 2024ರ ಜೂನ್ ಹೊತ್ತಿಗೆ ಆಹಾರದ ಹಣದುಬ್ಬರ ಅಧಿಕೃತ ಲೆಕ್ಕದಲ್ಲೇ ಶೇ. 40 ದಾಟಿತ್ತು. ಚೀಲದಲ್ಲಿ ಕೊಳ್ಳುತ್ತಿದ್ದ ಮನೆಗಳು ಬಕೆಟ್ಟಿಗೆ, ಬಕೆಟ್ಟಿನವರು ಕೊಂಗೊಗೆ, ಕೊಂಗೊದವರು ಡೆರಿಕಾಕ್ಕೆ ಇಳಿದರು. ಯಾಮನ್ನು ಇಡಿಯಾಗಿ ಕೊಳ್ಳಲಾಗದವರಿಗೆ ತುಂಡು ಮಾಡಿ ಕೊಡುವುದು, ತಾಳೆಎಣ್ಣೆಯನ್ನು ಒಂದು ಸಾರಿಗೆ ಸಾಕಾಗುವಷ್ಟು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕಟ್ಟಿ ಮಾರುವುದು ಈಗ ಮಾಮೂಲಿ. ಮಾರುವವಳ ಲಾಭವೂ ಅಷ್ಟರಮಟ್ಟಿಗೆ ಸವೆದಿದೆ: ಮುಂಚೆ ಒಂದು ಚೀಲ ಖಾಲಿಯಾದರೆ ಇನ್ನೊಂದು ಚೀಲಕ್ಕೆ ಹಣ ಕೂಡುತ್ತಿತ್ತು, ಈಗ ಮಾರಿ ಬಂದ ಹಣಕ್ಕೆ ಮಂಡಿಯಲ್ಲಿ ಮುಕ್ಕಾಲು ಚೀಲ ಸಿಕ್ಕರೆ, ಉಳಿದ ಕಾಲಿಗಾಗಿ ಅಜೊ ಕಾರ್ಡಿನ ಹಣವನ್ನು ತೆಗೆಯಬೇಕಾಗುತ್ತದೆ.